ಅಂಗಿ ಹಾಕದೆ ಹೊರಟ ಮೈದುನ

ನನ್ನ ಮೈದುನನನ್ನು ಬೀದಿಯವರೆಲ್ಲ ಗರಿಗರಿ ಎಂದೇ ಕರೆಯುತ್ತಾರೆ. ಇಸ್ತ್ರಿ ಅವನ ಕಸುಬು. ಅವನ ಕೈಯಿಂದ ಬಂದ ಅಂಗಿಯನ್ನು ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಕಾವಿಗೆ ಬರೀ ಬನಿಯನ್ನಿನಲ್ಲಿ ಇರುತ್ತಿದ್ದ. ಆದರೆ ಎದುರಿನ ಅಂಗಡಿಯಿಂದ ಬೆಂಕಿಪೊಟ್ಟಣ ತರಬೇಕೆಂದರೂ ಒಂದು ಅಂಗಿಗೆ ಇಸ್ತ್ರಿ ಪೆಟ್ಟಿಗೆ ಎಳೆದು, ತೊಟ್ಟುಕೊಂಡೇ ಹೊಸ್ತಿಲು ದಾಟುತ್ತಿದ್ದ.

"ಇಸ್ತ್ರಿಯವನೇ ಮುದುರಿದ ಅಂಗೀಲಿ ಬೀದಿಗೆ ಬಂದ್ರೆ, ಹಲ್ಲಿನ ಡಾಕ್ಟ್ರಿಗೇ ಹಲ್ಲಿಲ್ಲದ ಹಾಗೆ ಅತ್ತಿಗೆ," ಎನ್ನುತ್ತಿದ್ದ.

ಮೊದಲ ಸಲ ಅವನ ಬಾಯಿ ಸೊಟ್ಟಗಾದದ್ದು ಮೇಜಿನ ಮುಂದೆ ನಿಂತಿದ್ದಾಗಲೇ. ಬಲಗೈ ಜೋತುಬಿತ್ತು. ಮಾತು ತೊದಲಿತು. ಆಸ್ಪತ್ರೆಗೆ ನಡಿ ಎಂದರೆ ಆಗದೆಂದು ತಲೆ ಆಡಿಸಿ, ಅಂಗಿ ಬೇಕೆಂದು ಮೈಮೇಲಿನ ಬನಿಯನ್ ತೋರಿಸಿದ. ಅವನ ಹೆಂಡತಿ, ಎಂದರೆ ನನ್ನ ವಾರಗಿತ್ತಿ, ಗಂಡನ ಮಾತನ್ನು ಎಂದೂ ಮೀರಿದವಳಲ್ಲ. ಅಂಗಿಯೊಂದನ್ನು ಹಾಸಿ, ನೀರು ಚಿಮುಕಿಸಿ, ಮೊದಲು ಕಾಲರು, ಆಮೇಲೆ ತೋಳು ಎಂದು ಉಜ್ಜತೊಡಗಿದಳು. ತೋಳಿನ ಮೇಲೆ ಒಂದರ ಬದಲು ಎರಡು ಗೆರೆ ಬಿತ್ತೆಂದು ಅವನು ಎಡಗೈಯಿಂದ ವಾಪಸು ತಳ್ಳಿದ. ಮತ್ತೆ ಉಜ್ಜಿದಳು. ನಾನು ಬಾಗಿಲಲ್ಲಿ ನಿಂತು, "ಸಾಕು ಬಿಡೇ, ಮೊದ್ಲು ಹೊರಡಿ," ಎಂದು ಬಡಕೊಳ್ಳುತ್ತಲೇ ಇದ್ದೆ.

ಅವನ ಪುಣ್ಯ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಾಯಿ ತಾನಾಗಿ ನೆಟ್ಟಗಾಗಿತ್ತು. ಡಾಕ್ಟರು ಚೆನ್ನಾಗಿ ಬೈದರು. ಇದು ಮಿದುಳಿಗೆ ರಕ್ತ ನಿಂತದ್ದು, ಈ ಸಲ ಹೆದರಿಸಿ ಹೋಗಿದೆ, ಮುಂದಿನ ಸಲ ಹಾಗೆ ಬಿಡುವುದಿಲ್ಲ, ತಡ ಮಾಡಿದಷ್ಟೂ ನಷ್ಟ, ರಕ್ತದೊತ್ತಡದ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದರು. ನನ್ನ ಯಜಮಾನರು ಇದೇ ಕಾಯಿಲೆಯಲ್ಲಿ ಹೋದವರು. ಸ್ವಲ್ಪ ಮಲಗಿದರೆ ಸರಿಹೋಗುತ್ತದೆ ಎಂದು ಮಲಗಿದವರು ಏಳಲಿಲ್ಲ. ಹಾಗಾಗಿ ಡಾಕ್ಟರ ಮಾತು ನನಗೆ ನಾಟಿತು. ಇವನಿಗೆ ನಾಟಲಿಲ್ಲ. "ಈಗ ಗುಂಡುಕಲ್ಲಿನ ಹಾಗಿದ್ದೀನಲ್ಲ," ಎಂದು ಮಾತ್ರೆ ಮರೆಯತೊಡಗಿದ.

ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೆ ಬಂದದ್ದು ಆಗ. ಅವಳು ಗೋಡೆಗೆ ಚಿತ್ರ ಅಂಟಿಸಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಬಟ್ಟೆ ಗಂಟಿನ ಮೇಲೆ ಕೂತು ಅವನ ಕೆಲಸ ನೋಡಿದಳು.

"ಬೆಳಿಗ್ಗೆ ಎದ್ದು ಮೊದಲು ಏನು ಮುಟ್ತೀಯಪ್ಪ?"

"ಇಸ್ತ್ರಿ ಸ್ವಿಚ್ಚು. ಹೆಂಡ್ತೀನ ಅಂದ್ಕೊಂಡ್ರಾ?"

"ಥೂ! ಬಾಯಿ ಪೂರ್ತಿ ನೆಟ್ಟಗಾಯ್ತು ನೋಡಿ," ಎಂದಳು ವಾರಗಿತ್ತಿ ಒಳಗಿಂದಲೇ.

ನರ್ಸಮ್ಮ ಮಾತ್ರೆ ಡಬ್ಬಿಗೆ ದಾರ ಕಟ್ಟಿ ಸ್ವಿಚ್ಚಿನ ಮೇಲೆಯೇ ಇಳಿಬಿಟ್ಟಳು. ಡಬ್ಬಿ ಸರಿಸದೆ ಪೆಟ್ಟಿಗೆ ಕಾಯುವಂತಿಲ್ಲ. ಆಮೇಲೆ ಅಂಗಿಯ ಸಂಗತಿ ಕೇಳಿ ಗಂಡಹೆಂಡಿರನ್ನು ಎದುರುಬದುರು ಕೂರಿಸಿದಳು.

"ಆ ಹೊತ್ತಲ್ಲಿ ಯಾರು ಹೇಳಿದ್ರೂ ನಿನ್ನ ತಲೆಗೆ ಹೋಗಲ್ಲ. ಈಗ ತಲೆ ಸರಿಯಿದೆಯಲ್ಲ, ಈಗಲೇ ಅವಳಿಗೆ ಹೇಳಿಡು."

ಅವನು ತಲೆ ಕೆರೆದುಕೊಂಡ, ನಕ್ಕ. ಕೊನೆಗೆ, "ಏ ಇವಳೇ, ಮತ್ತೆ ಬಾಯಿ ಸೊಟ್ಟಗಾದ್ರೆ ನನ್ನ ಮಾತು ಕೇಳ್ಬೇಡ. ಹೇಗಿದ್ದೀನೋ ಹಾಗೇ ಎತ್ತಾಕ್ಕೊಂಡು ಹೋಗು," ಎಂದ.

"ಬೈದ್ರೆ?"

"ಬೈದ್ರೂ ಸರಿ."

ಬಾಯಿ, ಕೈ, ಮಾತು, ಇವುಗಳಲ್ಲಿ ಒಂದು ಕೆಟ್ಟರೂ ಮೊದಲು ಆಂಬ್ಯುಲೆನ್ಸಿಗೆ ಫೋನು, ಮಿಕ್ಕದ್ದು ಆಮೇಲೆ ಎಂದು ನರ್ಸಮ್ಮ ಅವಳ ಬಾಯಿಂದಲೂ ಹೇಳಿಸಿದಳು.

ಡಬ್ಬಿ ಬಹಳ ಕಾಲ ಕೆಲಸ ಮಾಡಿತು. ನರ್ಸಮ್ಮನಿಗೆ ಬೇರೆ ಕಡೆಗೆ ವರ್ಗವಾಯಿತು. ಯಾವಾಗಲೋ ಮಾತ್ರೆ ಮುಗಿದವು. ಇವನು ತರಲಿಲ್ಲ, ಹೇಳಲೂ ಇಲ್ಲ. ಖಾಲಿ ಡಬ್ಬಿಯನ್ನೇ ದಿನಾ ಸರಿಸಿ ಸ್ವಿಚ್ಚು ಒತ್ತುತ್ತಿದ್ದ. ಡಬ್ಬಿ ನೇತಾಡುತ್ತಿದೆಯಲ್ಲ ಎಂದು ನಾವೂ ನೆಮ್ಮದಿಯಾಗಿದ್ದೆವು.

ಎರಡನೆಯ ಹೊಡೆತ ಮಧ್ಯಾಹ್ನ ಬಂತು. ಮುಂದೆ ಗಿರಾಕಿಗಳು ನಿಂತಿದ್ದರು. ಸುಟ್ಟ ಬಟ್ಟೆಯ ವಾಸನೆಗೆ ಓಡಿಬಂದ ವಾರಗಿತ್ತಿ ಪ್ಲಗ್ಗು ಕಿತ್ತು, ಅವನ ಮುಖ ನೋಡಿದಳು. "ಅಣ್ಣಾ, ಆಂಬ್ಯುಲೆನ್ಸಿಗೆ ಫೋನ್ ಮಾಡಿ," ಎಂದು ಗಿರಾಕಿಯೊಬ್ಬನಿಗೆ ಕೂಗಿದಳು.

"ಅಂ... ಅಂಗಿ," ಎಂದ ಇವನು.

ಗಾಡಿ ಬಂದಾಗ ಎಡಗೈಯಿಂದ ಮೇಜಿನ ಕಾಲನ್ನು ಹಿಡಿದುಕೊಂಡ. ಅವಳ ಕೈ ಮಡಿಸಿಟ್ಟ ಬಟ್ಟೆಗಳ ಕಡೆಗೆ ಹೋಯಿತು. ಹಾಗೇ ನಿಂತಿತು. ಆಮೇಲೆ ಅವಳು ಕೆಳಗೆ ಕೂತು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. "ನೀವೇ ಹೇಳಿದ್ದು. ಕೇಳ್ಬೇಡ ಅಂತ ನೀವೇ ಹೇಳಿದ್ದು." ಅವನು ಬಿಡಿಸಿದ ಕೈಯಿಂದಲೇ ಅವಳ ಕೆನ್ನೆಗೆ ಹೊಡೆದ. ಬೆವರಿಗೆ ಅಂಟಿಕೊಂಡ ತೂತುಬಿದ್ದ ಬನಿಯನ್ನಿನಲ್ಲಿ ಅವನನ್ನು ಬೀದಿಯ ನಡುವೆ ಎತ್ತಿಕೊಂಡು ಹೋದರು.

ಬೇಗ ತಂದದ್ದರಿಂದ ರಕ್ತದ ಗಂಟು ಕರಗಿಸುವ ಚುಚ್ಚುಮದ್ದು ಕೊಡಲು ಸಾಧ್ಯವಾಯಿತು ಎಂದರು ಡಾಕ್ಟರು. ಪ್ರಾಣ ಉಳಿಯಿತು, ಕಾಲು ಉಳಿಯಿತು. ಮಾತು ಅರ್ಧ ಬಂತು. ಬಲಗೈ ಪೆಟ್ಟಿಗೆ ಎತ್ತುವುದಿಲ್ಲ.

ಈಗ ಮೇಜಿನ ಮುಂದೆ ನಿಲ್ಲುವವಳು ಅವಳು. ಇವನು ಗೋಡೆಗೆ ಒರಗಿ ಕೂರುತ್ತಾನೆ. ನನ್ನ ಜೊತೆ ತೊದಲಿಕೊಂಡಾದರೂ ಮಾತಾಡುತ್ತಾನೆ, ಅವಳ ಜೊತೆ ಇಲ್ಲ. ನಿನ್ನೆ, "ಅವಳು ನಿನ್ನ ಜೀವ ಉಳಿಸಿದಳು ಕಣೋ," ಎಂದೆ.

"ಗೊತ್ತು," ಎಂದ. ಬಹಳ ಹೊತ್ತು ಮಾತಿಗೆ ತಡಕಾಡಿದ. "ಎಲ್ರೂ... ನೋಡಿದ್ರು ಅತ್ತಿಗೆ. ಮತ್ತೆ ಬಂದ್ರೆ... ಬಿಟ್ಬಿಡು ಅನ್ನಿ ಅವಳಿಗೆ."

ಅವಳು ನಾಲ್ಕು ಹೆಜ್ಜೆ ಆಚೆಗೇ ಇದ್ದಳು. ಪೆಟ್ಟಿಗೆ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಅಕ್ಕ, ನಾನು ಅವರ ಅಂಗೈಲಿಟ್ಟ ಮಾತ್ರೆ ನುಂಗಿದ್ರಾ ಇಲ್ವಾ, ಅದನ್ನ ಕೇಳಿ," ಎಂದಳು.