ನೆಲ್ಲಿಯ ಜಾಗದಲ್ಲಿ ವಿಲೋ ಕಡ್ಡಿ

ನಾವು ಮೈಸೂರು ಬಿಟ್ಟು ಪರದೇಶದ ನಾರ್ತ್ ಕ್ರೀಕ್‌ಗೆ ಬಂದ ಹೊಸತು. ನನಗೆ ಒಂಬತ್ತು ವರ್ಷ. ಆಗೆಲ್ಲ ಸಿಕ್ಕಿದ್ದರಲ್ಲೇ ಹಬ್ಬ. ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆಯನ್ನು ಕೃಷ್ಣನೆಂದು ತುಳಸಿಯ ಪಕ್ಕ ನೆಟ್ಟು ಮದುವೆ ಮಾಡಬೇಕು. ಅಲ್ಲಿ ನೆಲ್ಲಿ ಮರ ಎಲ್ಲಿಂದ ಬರಬೇಕು?

“ಹಿಂದೆ ಹಳ್ಳದ ಹತ್ರ ಯಾವುದಾದ್ರೂ ಹಸಿ ಕೊಂಬೆ ಸಿಗುತ್ತಾ ನೋಡೇ,” ಎಂದಳು ಅಮ್ಮ.

ಬೂಟು ಹೂತುಹೋಗುವ ಕೆಸರಲ್ಲಿ ನಿಂತು, ಪೊದೆಯೊಂದರಿಂದ ಮೊಳದುದ್ದದ ಕಡ್ಡಿ ಮುರಿದು ತಂದೆ. ಎಲೆಯುದುರಿ ಬೋಳಾಗಿತ್ತು. ಅಮ್ಮ ಫ್ರೋಜನ್ ನೆಲ್ಲಿಕಾಯಿಗಳನ್ನು ದಾರದಿಂದ ಅದಕ್ಕೆ ಕಟ್ಟಿ, ತುಳಸಿಯ ಕುಂಡದಲ್ಲೇ ಊರಿದಳು.

“ಗಂಡು ಸ್ವಲ್ಪ ಒಣಕಲು ಕಣೇ,” ಎಂದರು ಅಪ್ಪ.

“ಸುಮ್ನಿರಿ. ನಮ್ಮ ಮದುವೇಲಿ ನೀವೂ ಹಾಗೇ ಇದ್ರಿ.”

ತುಪ್ಪದ ದೀಪ, ಬೆಲ್ಲದ ಅವಲಕ್ಕಿ, ಕಿಟಕಿಯಾಚೆ ಜಿನುಗು ಮಳೆ. ಮದುವೆ ಚೆನ್ನಾಗಿಯೇ ನಡೆಯಿತು.

ಡಿಸೆಂಬರಿನಲ್ಲಿ ತುಳಸಿ ಒಣಗಿತು. ಮೈಸೂರಿನಿಂದ ತಂದ ಬೀಜದ ಗಿಡ. ಅಮ್ಮ ಮಾತ್ರ ಕುಂಡಕ್ಕೆ ದಿನಾ ನೀರು ಹಾಕುತ್ತಲೇ ಇದ್ದಳು. ಸಂಕಟ ನನಗೆ. ಗುರುತಿಲ್ಲದ ಕಡ್ಡಿಯನ್ನು ದೇವರೆಂದು ತಂದವಳು ನಾನು. ಅದಕ್ಕೇ ದೇವರು ಮುನಿದ ಎಂದುಕೊಂಡೆ. ಎದ್ದ ಕೂಡಲೇ ಕುಂಡದ ಹತ್ತಿರ ಓಡುತ್ತಿದ್ದೆ, ತುಳಸಿ ಚಿಗುರಿತೇ ಎಂದು.

ಒಂದು ಬೆಳಿಗ್ಗೆ ಕಂಡದ್ದೇ ಬೇರೆ. ಕಡ್ಡಿಯ ಗಿಣ್ಣುಗಿಣ್ಣಿನಲ್ಲೂ ಬೆಳ್ಳಿ ಬಣ್ಣದ ಮೊಗ್ಗು, ಅಮ್ಮ ಹೊಸೆಯುವ ಹೂಬತ್ತಿಯ ಹಾಗೆ ಮೆತ್ತಗೆ.

“ಅಮ್ಮಾ, ಬೇಗ ಬಾ, ಕೃಷ್ಣ ಚಿಗುರಿದಾನೆ!”

ಅಮ್ಮ ಕಾವಲಿಯ ಮೇಲಿನ ದೋಸೆ ಬಿಟ್ಟು ಓಡಿಬಂದಳು. ಮೊಗ್ಗನ್ನು ಮುಟ್ಟಿದಳು, ಬಾಗಿ ಕೆನ್ನೆಗೆ ತಾಗಿಸಿಕೊಂಡಳು. ದೋಸೆ ಸೀದ ವಾಸನೆ ಮನೆ ತುಂಬಿತು, ಯಾರೂ ಕದಲಲಿಲ್ಲ. ನನಗೆ ಅಳು ಬಂತು.

“ನಾನು ತಪ್ಪು ಕಡ್ಡಿ ತಂದಿದ್ದಕ್ಕೇ ತುಳಸಿ ಹೋಯ್ತು ಅಲ್ವಾ?”

“ಹುಚ್ಚಿ, ಅದು ಕಿಟಕಿ ಚಳಿಗೆ ಹೋಯ್ತು. ಅಲ್ಲಿಟ್ಟವಳು ನಾನು. ತಪ್ಪು ಕಡ್ಡಿಗೆ ದೇವರು ಹೀಗೆ ಹೂ ಕೊಡ್ತಾನಾ?”

ಅಪ್ಪ ಲೈಬ್ರರಿ ಪುಸ್ತಕ ತಂದು ನೋಡಿದರು. ಕಡಲ ಕಡೆಯ ಜೌಗಿನಲ್ಲಿ ಬೆಳೆಯುವ ವಿಲೋ ಪೊದೆಯಂತೆ. ತುಂಡು ಊರಿದರೂ ಬೇರು ಬಿಡುತ್ತದಂತೆ. ಕುಂಡ ಸಾಲದಾದಾಗ, “ಅಳಿಯಂದಿರನ್ನ ತವರಿಗೆ ಬಿಟ್ಟು ಬರೋಣ,” ಎಂದು ಅಮ್ಮ ಅರಿಶಿನ ಕುಂಕುಮ ಇಟ್ಟು ಹಳ್ಳದ ದಡದಲ್ಲಿ ನೆಟ್ಟಳು. ದಾರಿಯುದ್ದಕ್ಕೂ ನಕ್ಕಳು.

ಈಗ ನನ್ನ ಮನೆಯಲ್ಲಿ ಗಿಡಗಳಿಗೆಂದೇ ಬಿಸಿಲಿನ ಬದಲಿಗೆ ಉರಿಯುವ ವಿದ್ಯುತ್ ದೀಪವಿದೆ, ತುಳಸಿ ವರ್ಷವಿಡೀ ಹಸಿರು. ಅಷ್ಟು ದಯೆ ದೇವರದು. ಮಕ್ಕಳು ಮಾತ್ರ ಅದರ ಪಕ್ಕದಲ್ಲೇ ಹಾದು ಶಾಲೆಗೆ ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಬದುಕೀತೋ ಇಲ್ಲವೋ ಎಂಬ ಭಯವೇ ಇಲ್ಲದವರು ಓಡಿಬಂದು ನೋಡುವುದಾದರೂ ಏನನ್ನು?