ತೊಟ್ಟಿಲ ಮೇಲಿನ ಬಾಟಲಿಗಳು

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ಮನೆಯ ಅಟ್ಟದ ಮೇಲೆ ಬೀರ್ ಬಾಟಲಿಯೊಂದು ಸಿಡಿಯಿತು. ಅಟ್ಟದ ಕೆಳಗೆ ತೊಟ್ಟಿಲು ತೂಗುತ್ತಿತ್ತು.

ಪೇಪರ್ ಓದುತ್ತಿದ್ದವನು ದಡಕ್ಕನೆ ಎದ್ದೆ. ಓಡಿಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಆಮೇಲೆ ತೊಟ್ಟಿಲೊಳಗೆ ಇಣುಕಿದೆ. ಮಗು ಇರಲಿಲ್ಲ. ಬಚ್ಚಲಿನಿಂದ ನೀರಿನ ಸದ್ದು ಬಂತು, ಜೊತೆಗೆ ನನ್ನ ಹೆಂಡತಿ ಸರೋಜಳ ದನಿ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆನೀರು ಹಾಕುತ್ತಿದ್ದಳು.

"ರೀ, ಏನದು ಸದ್ದು?"

"ಬೆಕ್ಕು ಕಣೇ. ಏನೋ ಬೀಳಿಸ್ತು."

ಮಗುವಿನ ತಲೆ ಇರಬೇಕಾದ ಜಾಗದಲ್ಲಿ, ನನ್ನ ಅತ್ತೆ ಹೊಲಿದುಕೊಟ್ಟ ಕೌದಿಯ ಮೇಲೆ, ಹೆಬ್ಬೆರಳಿನಷ್ಟು ದೊಡ್ಡ ಕಂದು ಗಾಜಿನ ಚೂರು ಬಿದ್ದಿತ್ತು. ಎತ್ತಿಕೊಂಡು ಜೇಬಿಗೆ ಹಾಕಿದೆ. ಇದನ್ನು ಬರೆಯುವಾಗಲೂ ಆ ಚೂರು ಮೇಜಿನ ಮೇಲಿದೆ, ಕಣ್ಣು ಅತ್ತಲೇ ಹೋಗುತ್ತದೆ (ಅಚ್ಚುಮೊಳೆ ಜೋಡಿಸುವವರು ಈ ವಾರದ ಅಂಕಣದಲ್ಲಿ ನನ್ನ ಅಕ್ಷರವನ್ನು ಕ್ಷಮಿಸಬೇಕು).

ನಮ್ಮ ಮನೆಗೆ ಬೀರು ಹೇಗೆ ಬಂತು ಅಂತೀರಾ? ಸರೋಜ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಗು ಹುಟ್ಟಿದ ಟೆಲಿಗ್ರಾಂ ಬಂದ ದಿನ ಆಫೀಸಿನ ಗೆಳೆಯ ನಾಗರಾಜ ಖುಷಿಗೆ ಆರು ಬಾಟಲಿ ತಂದುಕೊಟ್ಟ. ಒಬ್ಬನೇ ಕೂತು ಕುಡಿಯುವ ಧೈರ್ಯ ನನಗಿಲ್ಲ. ಇಡೋಣವೆಂದರೆ ಫ್ರಿಜ್ಜೂ ಇಲ್ಲ.

"ಇಟ್ಕೋ ಗುರು, ಎಲ್ಲಿಗೂ ಓಡ್ಹೋಗಲ್ಲ. ಬೀರು ಇಟ್ಟಷ್ಟೂ ಹದ ಬರುತ್ತೆ. ಫಾರಿನ್‌ನಲ್ಲಿ ನೆಲಮಾಳಿಗೆಯಲ್ಲಿ ವರ್ಷಗಟ್ಲೆ ಇಡ್ತಾರೆ," ಅಂದ ನಾಗರಾಜ.

ನೆಲಮಾಳಿಗೆಯಂತೆ. ಅತ್ತಿಗುಪ್ಪೆಯಲ್ಲಿ, ಮಹಡಿ ಮೇಲೆ ಶೀಟು ಹೊದಿಸಿದ ಒಂದೂವರೆ ರೂಮಿನ ಬಾಡಿಗೆದಾರನಿಗೆ ನೆಲಮಾಳಿಗೆ ಎಲ್ಲಿಂದ ಬರಬೇಕು? ನನಗೆ ಹೊಳೆದದ್ದು ಅಟ್ಟ. ನಮ್ಮಮ್ಮ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿ ಇಡುತ್ತಿದ್ದದ್ದು ಅಟ್ಟದ ಮೇಲೇ ಅಲ್ಲವೇ? ಅದು ಇಟ್ಟಷ್ಟೂ ಹದ ಬರುತ್ತಿತ್ತಲ್ಲ? ಆರೂ ಬಾಟಲಿಗಳನ್ನು ಜಾಡಿಗಳ ಹಿಂದೆ ಮಲಗಿಸಿ, ಮೇಲೊಂದು ಹಳೇ ಪಂಚೆ ಹೊದಿಸಿದೆ. ಶೀಟಿಗೂ ಬಾಟಲಿಗೂ ನಡುವೆ ಒಂದು ಗೇಣು. ಆಮೇಲೆ ಮರೆತೇಬಿಟ್ಟೆ.

ಚಳಿಗಾಲ ಕಳೆಯಿತು, ಏಪ್ರಿಲ್ ಬಂತು. (ಬೆಂಗಳೂರಿಗೆ ಫ್ಯಾನ್ ಯಾಕೆ ಅನ್ನುವವರು ಮಧ್ಯಾಹ್ನ ನಮ್ಮ ಮನೆಗೆ ಬರಬೇಕು.) ಐದು ತಿಂಗಳ ಕೂಸಿನೊಂದಿಗೆ ಸರೋಜ ವಾಪಸು ಬಂದಳು. ಕೆಳಗಿನ ಮನೆಯ ಓನರ್ ಗೌರಮ್ಮನವರು ತಮ್ಮ ಮಕ್ಕಳು ಮಲಗಿದ್ದ ಮರದ ತೊಟ್ಟಿಲನ್ನು ತಾವೇ ಒರೆಸಿ ಕೊಟ್ಟರು. ನಮ್ಮ ಮನೆಗೆ ಇರುವುದು ಒಂದೇ ಕೊಕ್ಕೆ, ಅಟ್ಟದ ಅಂಚಿನಲ್ಲಿ. ಅಲ್ಲೇ ಕಟ್ಟಿದೆವು.

ಇದೇ ಗೌರಮ್ಮ ಮನೆ ಕೊಡುವಾಗ ಹೇಳಿದ್ದು ಒಂದೇ ಮಾತು: "ಕುಡಿಯೋರಿಗೆ ನಾವು ಮನೆ ಕೊಡಲ್ಲಪ್ಪ. ಗೊತ್ತಾದ ದಿನವೇ ಖಾಲಿ."

ಈಗ ಅವರೇ ಬಾಗಿಲು ಬಡಿಯುತ್ತಿದ್ದರು. "ಏನಮ್ಮಾ ಸರೋಜಾ, ಸ್ಟೋವ್ ಸಿಡೀತಾ?"

"ಏನಿಲ್ಲ ಗೌರಮ್ಮನೋರೇ, ಬೆಕ್ಕು," ಅಂತ ಒಳಗಿನಿಂದಲೇ ಹೇಳಿದೆ. ಬಾಗಿಲು ತೆಗೆಯುವ ಹಾಗಿರಲಿಲ್ಲ. ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ ಮನೆಯೆಲ್ಲ ತುಂಬಿತ್ತು. ಅಟ್ಟದ ಅಂಚಿನಿಂದ ಒಂದೊಂದೇ ಹನಿ ಕೌದಿಯ ಮೇಲೆ ಬೀಳುತ್ತಿತ್ತು. ಅವರು ಮೆಟ್ಟಿಲಿಳಿದು ಹೋದ ಸದ್ದು ಕೇಳಿದ ಮೇಲೆ ಉಸಿರು ಬಿಟ್ಟೆ.

ಮೇಲೆ ಇನ್ನೂ ಐದು ಬಾಟಲಿ. ಹೊರಗೆ ಬಿಸಿಲು ಏರುತ್ತಿತ್ತು. ಇದರ ಅರ್ಥ ಏನಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಮಾಡಿದ್ದೇನು? ನೆಲ ಒರೆಸಿದೆ. ಊದುಬತ್ತಿ ಹಚ್ಚಿದೆ.

ಸರೋಜ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿ ಎತ್ತಿಕೊಂಡು ಬಂದಳು. ನೀರೆರೆಸಿಕೊಂಡ ಮಂಪರಿನಲ್ಲಿ ಮಗುವಿನ ಕಣ್ಣು ಎಳೆಯುತ್ತಿತ್ತು. ಅವಳು ನೇರ ತೊಟ್ಟಿಲ ಹತ್ತಿರ ಹೋದಳು.

"ಅಲ್ಲಿ ಬೇಡ," ಅಂದೆ.

"ಯಾಕೆ?"

"ಸೋರ್ತಾ ಇದೆ."

"ಏಪ್ರಿಲ್‌ನಲ್ಲಿ ಏನ್ರೀ ಸೋರೋದು?"

"ಚಾಪೆ ಮೇಲೆ ಮಲಗ್ಸು."

"ನೆಲದ ತುಂಬ ಇರುವೆ ಇದೆ. ಸರೀರಿ ಅತ್ಲಾಗೆ, ಕೈ ಸೋಲ್ತಾ ಇದೆ."

ಅವಳು ಬಗ್ಗಿದಳು. ಮೇಲೆ, ಜಾಡಿಗಳ ಹಿಂದೆ, ಏನೋ ಸುಯ್ ಅಂದಿತು. ನಿಜವಾಗಿ ಅಂದಿತೋ, ನನ್ನ ಕಿವಿಗೆ ಹಾಗನ್ನಿಸಿತೋ ಈಗಲೂ ಗೊತ್ತಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

"ಸರೋಜಾ, ಮೇಲೆ ಬೀರ್ ಬಾಟಲಿ ಇವೆ. ಸಿಡಿದದ್ದು ಅದೇ."

ಅವಳು ಬೈಯಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು, ಒಂದು ಕೈಯಲ್ಲಿ ಚಿಲಕ ತೆಗೆದು, ಸೀದಾ ಗೌರಮ್ಮನವರ ಮನೆಗೆ ಇಳಿದುಹೋದಳು. ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಗಂಟುಮೂಟೆ ಕಟ್ಟುವುದೊಂದೇ ಬಾಕಿ.

ಐದೇ ನಿಮಿಷಕ್ಕೆ ಗೌರಮ್ಮ ಮೇಲೆ ಬಂದರು. ಕೈಯಲ್ಲಿ ನೀರು ಸುರಿಯುತ್ತಿದ್ದ ಗೋಣಿಚೀಲ. (ಅವರ ಯಜಮಾನರು ಮೂಡಲಪಾಳ್ಯದಲ್ಲಿ ಗೋಲಿ ಸೋಡಾ ಅಂಗಡಿ ಇಟ್ಟಿದ್ದರಂತೆ. ಬೇಸಿಗೆಯಲ್ಲಿ ಬಾಟಲಿ ಸಿಡಿಯದಿರಲಿ ಅಂತ ಒದ್ದೆ ಗೋಣಿ ಹೊದಿಸುವುದು ಅಲ್ಲಿಯ ರೂಢಿ.)

"ಸ್ಟೂಲ್ ಹತ್ತು. ಮೊದ್ಲು ಗೋಣಿ ಹೊದಿಸು, ಆಮೇಲೆ ಗೋಣಿ ಸಮೇತ ಹಿಡ್ಕೋ. ಮುಖ ಆ ಕಡೆ ತಿರುಗಿಸು. ಅಲ್ಲಾಡಿಸ್ಬೇಡ," ಅಂದರು.

ಹತ್ತಿದೆ. ಐದು ಸಲ ಹತ್ತಿ ಇಳಿದೆ. ಶೀಟಿನ ಕಾವಿಗೆ ನೆತ್ತಿ ಸುಡುತ್ತಿತ್ತು. ಒದ್ದೆ ಗೋಣಿಯೊಳಗಿಂದಲೂ ಬಾಟಲಿಯ ಬಿಸಿ ಅಂಗೈಗೆ ತಾಗುತ್ತಿತ್ತು. ಪ್ರತಿ ಸಲವೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದವರು ಗೌರಮ್ಮ. ಸಿಡಿದಿದ್ದರೆ ಅವರ ಮುಖವೂ ಉಳಿಯುತ್ತಿರಲಿಲ್ಲ.

ಕೊನೆಯ ಬಾಟಲಿ ಬಚ್ಚಲ ಮೂಲೆ ಸೇರಿದ ಮೇಲೆ ಕೈ ಮುಗಿದೆ. "ತಪ್ಪಾಯ್ತು. ನೀವು ಮನೆ ಖಾಲಿ ಮಾಡಿಸ್ತೀರಿ ಅಂತ ಹೆದರ್ಕೊಂಡು ಹೇಳ್ಲಿಲ್ಲ."

"ಮಾಡಿಸ್ತಿದ್ದೆ," ಅಂದರು ಗೌರಮ್ಮ. "ನೀನು ಬೇರೆ ಮನೆ ನೋಡ್ಕೋತಿದ್ದೆ. ಅಷ್ಟೇ ತಾನೇನಪ್ಪಾ?"

ಅಷ್ಟೇ ತಾನೇ. ವಾರದಿಂದ ಈ ಎರಡು ಪದ ನನ್ನನ್ನು ಕುಟುಕುತ್ತಿವೆ. ಓನರಿಗೆ ಹೆದರುತ್ತೇವೆ, ಎದುರುಮನೆಯವರಿಗೆ ಹೆದರುತ್ತೇವೆ, ವಾಸನೆ ಹೊರಗೆ ಹೋದೀತು ಅಂತ ಹೆದರುತ್ತೇವೆ. ನೆತ್ತಿಯ ಮೇಲೆ ಕಾಯುತ್ತಿರುವ ಬಾಟಲಿಗೆ ಮಾತ್ರ ಊದುಬತ್ತಿ ಹಚ್ಚುತ್ತೇವೆ. ನಿಮ್ಮ ಅಟ್ಟದ ಮೇಲೆ ಏನಿದೆ ಅಂತ ನಾನು ಕೇಳುವುದಿಲ್ಲ. ಇಳಿಸಿಬಿಡಿ.

ಸಂಜೆ ಬಾಟಲಿಗಳು ತಣ್ಣಗಾದ ಮೇಲೆ ಎಲ್ಲವನ್ನೂ ಮೋರಿಗೆ ಸುರಿದೆ. ಬೀರು ಸುರಿದೆ ಅಂದದ್ದಕ್ಕೆ, ಹದ ಬಂದಿತ್ತಾ ಗುರು ಅಂತ ನಾಗರಾಜ ಸೋಮವಾರ ಕೇಳಿದ. ಜೇಬಿನಿಂದ ಗಾಜಿನ ಚೂರು ತೆಗೆದು, ಅದು ಎಲ್ಲಿ ಬಿದ್ದಿತ್ತೆಂದು ಹೇಳಿದೆ. ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಮನೆ ಖಾಲಿ ಮಾಡಿ ಅಂತ ಗೌರಮ್ಮ ಇನ್ನೂ ಹೇಳಿಲ್ಲ. ತೊಟ್ಟಿಲು ಈಗ ಅವರ ನಡುಮನೆಯಲ್ಲಿ ತೂಗುತ್ತಿದೆ. ಸರೋಜ ಹಗಲೆಲ್ಲ ಅಲ್ಲೇ ಇರುತ್ತಾಳೆ, ನನ್ನ ಜೊತೆ ಮಾತು ಕಡಿಮೆ. ನಿನ್ನೆ ಅನ್ನ ಬಡಿಸುತ್ತಾ, ಮುಖ ನೋಡದೆ ಕೇಳಿದಳು:

"ಬಾಟಲಿ ಸಿಡಿದ ತಕ್ಷಣ ನೀವು ಚಿಲಕ ಹಾಕಿದ್ದು ನಂಗೆ ಬಚ್ಚಲಿಗೆ ಕೇಳಿಸ್ತು ಕಣ್ರೀ. ಆಗ ಮಗು ಎಲ್ಲಿದೆ ಅಂತ ನಿಮಗೆ ಗೊತ್ತಿತ್ತಾ?"