ಸಮುದ್ರ ತಿಂದಿತೆನ್ನುವ ಜೀಪು

ಜೀಪನ್ನು ಅಣ್ಣನಿಗೆ ಒಪ್ಪಿಸಿದ ದಿನ ನಾನು ಏನೇನು ಹೇಳಿದೆ ಎಂಬುದನ್ನು ಈಗ ಪ್ರಮಾಣ ಮಾಡಿ ಹೇಳಲಾರೆ. ಜೀಪಿನ ನೆಲ ಆ ದಿನ ಹೇಗಿತ್ತು ಎಂಬುದೂ ಅಷ್ಟೇ. ಚೊಕ್ಕವಾಗಿತ್ತು ಎಂದು ನನಗೆ ಕಾಣಿಸುತ್ತದೆ. ಆದರೆ ಅಪವಾದ ಹೊತ್ತವನ ನೆನಪಿನಲ್ಲಿ ತನ್ನದೆಲ್ಲವೂ ಚೊಕ್ಕವಾಗಿಯೇ ಇರುತ್ತದೆ. ಬೇರೆ ಯಾರಾದರೂ ಇಂಥ ಸಾಕ್ಷ್ಯ ತಂದರೆ ನಾನೇ ನಂಬುವುದಿಲ್ಲ.

ಅಪವಾದ ನನ್ನ ಕಿವಿಗೆ ಬಿದ್ದದ್ದು ಕಡೂರಿನ ಒಂದು ಮದುವೆಯ ಊಟದಲ್ಲಿ. ಪಕ್ಕದ ಎಲೆಗೆ ಕೂತಿದ್ದ ದೂರದ ನೆಂಟರೊಬ್ಬರು ಸಾರನ್ನ ಕಲಸುತ್ತಾ ಕೇಳಿದರು: "ಸಮುದ್ರ ತಿಂದ ಜೀಪು ನಿಮ್ದೇ ಅಲ್ವೇನ್ರೀ? ನಿಮ್ಮಣ್ಣ ಗುಜರಿಗೆ ಹಾಕ್ತಾನಂತೆ. ಅಷ್ಟು ಓದಿದೋರು, ಒಂದು ಗಾಡಿ ನೋಡ್ಕೊಳಕ್ಕಾಗ್ಲಿಲ್ವೇ?" ಎದುರು ಸಾಲಿನವರು ನಕ್ಕರು. ಅವರಿಗೆಲ್ಲ ವಿಷಯ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಆ ಜೀಪು ಅಪ್ಪ ಒಂದು ಕಾಫಿ ಎಸ್ಟೇಟಿನವರಿಂದ ಕೊಂಡದ್ದು. ಹಳೆಯ ವಿದೇಶಿ ಗಾಡಿ; ಅಡಿಯ ಚೌಕಟ್ಟು, ಅಂದರೆ ಚಾಸಿ, ಕಬ್ಬಿಣದ್ದು; ಮೇಲಿನ ಮೈ, ಬಾಗಿಲು, ನೆಲ ಎಲ್ಲ ಅಲ್ಯೂಮಿನಿಯಂ. ನಾನು ಕರಾವಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಷ್ಟು ಕಾಲವೂ ಅದು ನನ್ನ ಬಳಿ ಇತ್ತು. ಮನೆ ಸಮುದ್ರಕ್ಕೆ ಎಷ್ಟು ಹತ್ತಿರವೆಂದರೆ, ಬೆಳಿಗ್ಗೆ ಕಿಟಕಿಯ ಸರಳು ಮುಟ್ಟಿದ ಬೆರಳನ್ನು ನಾಲಿಗೆಗಿಟ್ಟರೆ ಉಪ್ಪು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಜನ ನಿಶ್ಚಿಂತೆಯಾಗಿರುತ್ತಾರೆ. ಕೆಂಪು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಉಪ್ಪಿನ ತೇವ ಕೂತಲ್ಲಿ, ಅದರಲ್ಲೂ ಕಬ್ಬಿಣದ ಬೋಲ್ಟು ತಗುಲಿದಲ್ಲಿ, ಬಣ್ಣ ಗುಳ್ಳೆ ಏಳುತ್ತದೆ. ಒಡೆದು ನೋಡಿದರೆ ಒಳಗೆ ಬಿಳಿ ಪುಡಿ, ಪುಡಿಯ ಕೆಳಗೆ ತೂತು. ಅದಕ್ಕೇ ನಾನು ಬೋಲ್ಟುಗಳ ಕೆಳಗೆಲ್ಲ ನೈಲಾನ್ ವಾಷರ್ ಹಾಕಿಸಿದ್ದೆ. ಭಾನುವಾರ ಬಂತೆಂದರೆ ಬಾವಿಯ ಸಿಹಿನೀರಿನಲ್ಲಿ ಅದರ ಹೊಟ್ಟೆಯಡಿ, ಚಕ್ರದ ಗೂಡು ತೊಳೆಯುತ್ತಿದ್ದೆ. ಅಲ್ಯೂಮಿನಿಯಂ ತಿನ್ನುತ್ತದೆಂದು ಸೋಡಾ ಬೆರೆತ ಸೋಪು ಮುಟ್ಟಿಸುತ್ತಿರಲಿಲ್ಲ. ನೆಲದಲ್ಲಿ ನೀರಿಳಿಯಲು ಬಿಟ್ಟ ಕಿಂಡಿಗಳನ್ನು ಪೊರಕೆ ಕಡ್ಡಿಯಿಂದ ಬಿಡಿಸುತ್ತಿದ್ದೆ. ಟಾರ್ಪಾಲು ಹೊದಿಸಿದರೆ ತೇವ ಒಳಗೇ ಕೂರುತ್ತದೆಂದು ಗಾಳಿಯಾಡುವ ಚಪ್ಪರದಡಿ ನಿಲ್ಲಿಸುತ್ತಿದ್ದೆ. ಮಕ್ಕಳಿಗೆ ನೀವು ಒಂದು ದಿನವೂ ಇಷ್ಟು ಮುತುವರ್ಜಿಯಿಂದ ಎರೆದವರಲ್ಲ ಎಂದು ಹೆಂಡತಿ ಹೇಳುತ್ತಿದ್ದಳು. ಇಷ್ಟೆಲ್ಲ ಮಾಡಿದವನು ಮದುವೆಮನೆಯಲ್ಲಿ ತಲೆ ತಗ್ಗಿಸಿ ಮಜ್ಜಿಗೆ ಕುಡಿಯಬೇಕೆ?

ನಿವೃತ್ತನಾದ ಮೇಲೆ ಜೀಪನ್ನು ಅಣ್ಣನಿಗೆ ಬಿಟ್ಟಿದ್ದೆ. ಅಜ್ಜಂಪುರದ ಹತ್ತಿರ ಅವನದು ತೆಂಗಿನ ತೋಟ. ಮದುವೆಯ ಮಾರನೆಯ ಬೆಳಿಗ್ಗೆಯೇ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದ. ತರೀಕೆರೆಯಿಂದ ಗುಜರಿಯವನು ಮಧ್ಯಾಹ್ನ ಬರುತ್ತಾನೆ, ನೀನೂ ಬಂದದ್ದು ಒಳ್ಳೆಯದಾಯಿತು ಎಂದ. ಕಾಫಿ ಬೇಡವೆಂದು ನೇರ ಜೀಪಿನ ಬಳಿ ನಡೆದೆ.

ಹೊರಮೈ ತಡವಿದೆ. ಚಕ್ರದ ಗೂಡಿಗೆ ಕೈ ಹಾಕಿದೆ. ಮಲಗಿ ಮುಂಭಾಗದ ಹೊಟ್ಟೆಯಡಿ ನೋಡಿದೆ. ಸಮುದ್ರದ ಗಾಳಿ ಮೊದಲು ಹಿಡಿಯಬೇಕಾದ ಜಾಗಗಳೆಲ್ಲ ಗಟ್ಟಿಯಾಗಿದ್ದವು. ಆಮೇಲೆ ಹಿಂಬಾಗಿಲು ತೆಗೆದು ರಬ್ಬರ್ ಹಾಸು ಎತ್ತಿದೆ. ಹಾಸಿನಡಿ ನೆಲವೆಲ್ಲ ಬಿಳಿ ಪುಡಿ, ನಡುವೆ ತೂತುಗಳು, ತೂತಿನಲ್ಲಿ ಕೆಳಗಿನ ಹುಲ್ಲು. ಧೂಳು ಬರುತ್ತದೆಂದು ನನ್ನ ಕಿಂಡಿಗಳಿಗೆ ಬಟ್ಟೆ ತುರುಕಿದ್ದರು. ಮೂಲೆಯಲ್ಲಿ ಒದ್ದೆ ಹರಳುಗಳಿದ್ದವು. ಒಂದನ್ನು ತೆಗೆದು ನಾಲಿಗೆಗಿಟ್ಟೆ. ಕಲ್ಲುಪ್ಪು.

ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಅಣ್ಣನನ್ನು ಇದೇನು ಎಂದು ಕೇಳಿದೆ.

"ಉಪ್ಪು ಕಣೋ. ತೆಂಗಿನ ಬುಡಕ್ಕೆ. ಹಾಕ್ದೆ ಇದ್ರೆ ಮರದಲ್ಲಿ ಕಾಯಿ ನಿಲ್ಲುತ್ತಾ?"

ಪಕ್ಕದಲ್ಲೇ ಟ್ರ್ಯಾಕ್ಟರೂ ಟ್ರೈಲರೂ ನಿಂತಿದ್ದವು. ಅವಿರುವಾಗ ಉಪ್ಪಿನ ಚೀಲಗಳನ್ನು ಇದರಲ್ಲಿ ಯಾಕೆ ಹೇರಿದೆ ಎಂದೆ. ನನ್ನ ದನಿ ಏರಿತ್ತು. ಅತ್ತಿಗೆ ಹೊರಗೆ ಬಂದು ನೋಡಿದರು.

"ಟ್ರೈಲರ್ ಕಬ್ಬಿಣದ್ದು, ಉಪ್ಪು ಬಿದ್ರೆ ತುಕ್ಕು ಹಿಡಿದ್ಬಿಡುತ್ತೆ," ಎಂದ ಅಣ್ಣ. "ಇದು ಅಲ್ಯೂಮಿನಿಯಂ, ತುಕ್ಕು ಹಿಡಿಯಲ್ಲ ಅಂತ ನೀನೇ ಹೇಳಿದ್ಯಲ್ಲೋ ಮೇಷ್ಟ್ರೇ. ಇಲ್ಲೇ ನಿಂತ್ಕೊಂಡು ಹೇಳ್ದೆ."

ಹೇಳಿದ್ದು ನಿಜ. ಆದರೆ ಉಪ್ಪು ಮಾತ್ರ ಸೋಕಿಸಬೇಡ ಎಂದೂ ಅದರ ಬೆನ್ನಿಗೇ ಹೇಳಿದ್ದೆ. ಹೇಳಿರಲೇಬೇಕು. ಜೀವನವಿಡೀ ಆ ಪಾಠ ಮಾಡಿದವನು ಅರ್ಧ ಹೇಳಿ ಬಸ್ಸು ಹತ್ತುತ್ತೇನೆಯೆ? ಅತ್ತಿಗೆಯನ್ನು ಕೇಳಿದೆ. ಅವರಿಗೆ ಆ ದಿನ ನಾನು ತಂದ ಒಣಮೀನಿನ ವಾಸನೆ ಮಾತ್ರ ನೆನಪಿತ್ತಂತೆ. ನನಗೆ ಮೀನು ತಂದದ್ದೇ ನೆನಪಿರಲಿಲ್ಲ.

ಮಾತು ಬೆಳೆಯಿತು. ಗಾಡಿ ಹಾಳಾದದ್ದು ಬೇರೆ, ಅದನ್ನು ನನ್ನ ತಲೆಗೆ ಕಟ್ಟಿದ್ದು ಬೇರೆ ಎಂದೆ. ಸಮುದ್ರದ ಕಥೆ ಯಾರ್‍ಯಾರಿಗೆ ಹೇಳಿದ್ದಾನೋ ಅವರಿಗೆಲ್ಲ ನಿಜ ಹೇಳಬೇಕೆಂದೆ.

"ಕೇಳ್ದೋರಿಗೆಲ್ಲ ತೆಂಗಿನ ಬುಡದ ಕಥೆ ಹೇಳ್ಕೊಂಡ್ ಕೂರ್ಲಾ? ಸಮುದ್ರ ಅಂದ್ರೆ ಥಟ್ ಅಂತ ಅರ್ಥ ಆಗುತ್ತೆ. ಅಲ್ಲೂ ಉಪ್ಪೇ, ಇಲ್ಲೂ ಉಪ್ಪೇ, ಬಿಡೋ."

ಬಿಡಲಿಲ್ಲ. ಮಧ್ಯಾಹ್ನ ಬಂದ ಗುಜರಿಯವನನ್ನು ನಾನೇ ವಾಪಸ್ಸು ಕಳಿಸಿ, ಜೀಪನ್ನು ತರೀಕೆರೆಯ ಶೆಡ್ಡಿಗೆ ಓಡಿಸಿದೆ. ಅಣ್ಣ ಪಕ್ಕದಲ್ಲಿ ಕೂತು ಬಂದ. ಕೊಳೆತ ನೆಲ ಕತ್ತರಿಸಿ ಹೊಸ ತಗಡು ಹೊಡೆಸಿ, ತಗಡಿಗೂ ಕಬ್ಬಿಣಕ್ಕೂ ನಡುವೆ ರಬ್ಬರ್ ಪಟ್ಟಿ ಇಡಿಸಿದೆ. ಜೀಪು ಈಗ ಅಣ್ಣನ ಬಳಿಯೇ ಓಡಾಡುತ್ತಿದೆ. ನೆಂಟರ ಬಾಯಲ್ಲಿ ಅದು ಇವತ್ತಿಗೂ ಸಮುದ್ರ ತಿಂದ ಜೀಪೇ. ಅವನು ಯಾರಿಗೂ ತಿದ್ದಿ ಹೇಳಿಲ್ಲ, ನಾನೂ ಕ್ಷಮಿಸಿಲ್ಲ.

ನನ್ನ ಮಾತು ನಂಬಿ, ಟ್ರೈಲರ್ ಉಳಿಸಲು ಉಪ್ಪನ್ನು ಜೀಪಿಗೆ ಹೇರಿದೆ ಎಂದದ್ದು ಸಿಕ್ಕಿಬಿದ್ದಾಗ ಅವನು ಹೊಸೆದ ನೆಪವೆಂದೇ ಬಹಳ ಕಾಲ ನಂಬಿದ್ದೆ. ಹೋದ ಸಲ ತೋಟಕ್ಕೆ ಹೋದಾಗ, ಅವನು ಪಂಪ್ ಹಾಕಲು ಹೋದ ಹೊತ್ತಿನಲ್ಲಿ, ಟ್ರೈಲರ್ ಹತ್ತಿ ಗರಿ-ಗೊಬ್ಬರ ಸರಿಸಿ ಅದರ ನೆಲ ನೋಡಿದೆ. ಕಾಯಿ ಹೊತ್ತು ನಡುವೆ ಗೀರು ಬಿದ್ದಿತ್ತು, ಮೂಲೆಗಳಲ್ಲಿ ಬಣ್ಣ ಹಾಗೇ ಇತ್ತು. ಚೀಲ ಹೊರುವ ಆಳನ್ನೂ ವಿಚಾರಿಸಿದೆ. ಆ ಟ್ರೈಲರಿಗೆ ಉಪ್ಪಿನ ಚೀಲ ಒಂದು ಸಲವೂ ಏರಿಲ್ಲ.